ಬಾಕ್ಸಿನೊಳಗಿಲ್ಲದ ಸದ್ದು

ಜೂನ್ 11, ಮಂಗಳವಾರ

ನಾನೇ ಕಟ್ಟಿದ ಸ್ಪೀಕರ್ ಬಾಕ್ಸಿನ ಅಂಟು ಒಣಗಿದೆ. ಕ್ಲಾಂಪ್ ಬಿಚ್ಚಿದೆ. ಹದಿನೈದು ಇಂಚಿನ ಸ್ಪೀಕರ್ ಕೂರಿಸಿ ಸ್ಕ್ರೂ ಬಿಗಿದದ್ದಾಯಿತು. ಫೋನಿನಿಂದ ಒಂದೇ ಎಳೆಯ ಸ್ವರ ಹಾಕಿ, ಮೇಲಿಂದ ನಿಧಾನವಾಗಿ ಕೆಳಕ್ಕೆ ಇಳಿಸುತ್ತ ಬಂದೆ. ಎಲ್ಲ ಸ್ವಚ್ಛ. ಬೇಸ್ ಗಿಟಾರಿನ ದಪ್ಪ ತಂತಿ, ಮೊದಲ ಫ್ರೆಟ್, ಎಫ್ ಸ್ವರ — ಅಲ್ಲಿಗೆ ಬಂದಾಗ ಮಾತ್ರ ಜರ್ರ್. ಅದಕ್ಕಿಂತ ಮೇಲೆ ಇಲ್ಲ, ಕೆಳಗೂ ಇಲ್ಲ.

ಎಲ್ಲೋ ಗಾಳಿ ಸೋರುತ್ತಿರಬೇಕು. ಊದುಬತ್ತಿ ಹಚ್ಚಿ ಪ್ರತಿ ಕೀಲಿಗೂ ಹಿಡಿದೆ. ಹೊಗೆ ನೆಟ್ಟಗೆ ನಿಂತಿತು.

ನಮ್ಮ ಬ್ಯಾಂಡಿನ ಡ್ರಮ್ಮರ್ ಕಿಸಪ್ ಬಂದ. ಬಾಗಿಲಲ್ಲೇ ನಿಂತು ಕೇಳಿದ.

"ಅಕ್ಕ, ಜೇನುಹುಳ ಸಾಕಿದ್ದೀಯಾ ಒಳಗೆ?"

"ಬಾಯ್ಮುಚ್ಕೊಂಡು ಆ ಮೂಲೆ ಹಿಡ್ಕೋ."

ಇಬ್ಬರೂ ಒತ್ತಿ ಹಿಡಿದೆವು. ಸದ್ದು ನಿಲ್ಲಲಿಲ್ಲ. ಪಕ್ಕದ ಕೋಣೆಯ ಕ್ವಾಕ್ ಅಜ್ಜಿ ಪೊರಕೆಯ ಹಿಡಿಯಿಂದ ಗೋಡೆ ಕುಟ್ಟಿದಳು.

"ಏನೇ ಅದು, ಹಸು ಈಯ್ತಾ ಇದೆಯೇನೇ ಒಳಗೆ?"

ಕಿಸಪ್ ಗೋಡೆಗೆ ಬಾಯಿಟ್ಟು, "ಗಂಡು ಕರು ಅಜ್ಜೀ!" ಎಂದ. ಮತ್ತೆ ಎರಡು ಕುಟ್ಟು.

ಜೂನ್ 13

ಬಿಚ್ಚಿದೆ. ಒಳಗೆ ಇನ್ನೊಂದು ಅಡ್ಡಪಟ್ಟಿ ಕೊಟ್ಟೆ. ಕೀಲುಗಳಿಗೆಲ್ಲ ಸಿಲಿಕೋನ್. ಹನ್ನೆರಡು ಗಂಟೆ ಬಿಟ್ಟು ಮತ್ತೆ ಹಾಕಿದೆ. ಜರ್ರ್.

ಮೇಲಿನ ಹಲಗೆಗೆ ಒಂದು ಹಿಡಿ ಬಾರ್ಲಿ ಎರಚಿದೆ. ಯಾವ ಸ್ವರಕ್ಕೆ ಹಲಗೆ ನಡುಗುತ್ತದೋ ಆ ಸ್ವರಕ್ಕೆ ಕಾಳು ಕುಣಿಯಬೇಕು. ಬಿ ಸ್ವರಕ್ಕೆ ಒಂದಿಷ್ಟು ಕುಣಿದವು. ಎಫ್‌ಗೆ ಒಂದೂ ಅಲುಗಲಿಲ್ಲ. ಕಾಳುಗಳು ಸುಮ್ಮನೆ ಕೂತಿವೆ, ಸದ್ದು ಮಾತ್ರ ಬರುತ್ತಿದೆ.

ಉಲ್ಜಿರೋ ಪೇಟೆಯಲ್ಲಿ ಪ್ಲೈವುಡ್ ಕತ್ತರಿಸಿಕೊಟ್ಟವನ ತಪ್ಪೇ ಅಂತ ಫೋನ್ ಮಾಡಿ ಬೈದೆ. ಆತ ಸಮಾಧಾನದಿಂದ ಕೇಳಿಕೊಂಡ. ಅದು ಇನ್ನೂ ಕೆಟ್ಟದು.

ಜೂನ್ 16, ಭಾನುವಾರ

ಬೇರೇನಾದರೂ ಅದುರುತ್ತಿರಬಹುದೆಂದು ಕೋಣೆಯಲ್ಲಿದ್ದುದನ್ನೆಲ್ಲ ಹೊರಗಿಟ್ಟಿದ್ದೆ. ಮೊಳೆ ಡಬ್ಬಿ, ಕಪಾಟು, ಬಲ್ಬಿನ ಬುರುಡೆ, ಗೋಡೆ ಗಡಿಯಾರ. ಕಿಟಕಿಗೆ ಟೇಪ್ ಬಡಿದೆ. ಸದ್ದು ಹೋಗಲಿಲ್ಲ. ಕೊನೆಗೆ ಬಾಕ್ಸನ್ನೇ ಹೊತ್ತು ಕಿಸಪ್‌ನ ವ್ಯಾನಿನಲ್ಲಿ ಪ್ರಾಕ್ಟೀಸ್ ರೂಮಿಗೆ ಒಯ್ದೆವು.

ಅಲ್ಲಿ ಎಫ್ ನುಡಿಸಿದೆ. ಜೋರಾಗಿ. ಇನ್ನೂ ಜೋರಾಗಿ. ಸ್ವಚ್ಛ. ಒದ್ದೆ ಮಣ್ಣಿನ ಮೇಲೆ ಭಾರದ ವಸ್ತು ಇಟ್ಟಂತೆ, ದುಂಡಗೆ.

ಹೊಸ ಬಾಕ್ಸಿಗೆ ಪೂಜೆ ಆಗಲೇಬೇಕೆಂದ ಕಿಸಪ್. ಒಣಗಿದ ಮೀನಿಗೆ ಬಿಳಿ ನೂಲು ಸುತ್ತಿ ಬಾಕ್ಸಿನ ಮುಂದಿಟ್ಟ, ಅಕ್ಕಿ ಹೆಂಡದ ಬಟ್ಟಲಿಟ್ಟ, ಎರಡು ಸಲ ಅಡ್ಡಬಿದ್ದ. "ಇವಳ ಕೈಯಿಂದ ಫ್ಯೂಸ್ ಹೋಗದೇ ಇರಲಪ್ಪಾ." ನಾನೂ ಅಡ್ಡಬಿದ್ದೆ. ಬಾಕ್ಸಿನಲ್ಲಿ ತಪ್ಪಿಲ್ಲ ಎಂಬ ಸಂತೋಷ. ಒಂದು ವಾರದಿಂದ ಇಷ್ಟು ನಕ್ಕಿರಲಿಲ್ಲ.

ಬಾಕ್ಸ್ ಹೇರಿಕೊಂಡು ವಾಪಸು ಬರುವಾಗ ವ್ಯಾನಿನಲ್ಲಿ ಹೊಳೆಯಿತು. ಬಾಕ್ಸಿನಲ್ಲಿ ಇಲ್ಲದಿದ್ದರೆ ಮನೆಯಲ್ಲಿದೆ.

ಜೂನ್ 18

ಪ್ಲಾಸ್ಟಿಕ್ ಪೈಪಿನ ಒಂದು ತುದಿ ಕಿವಿಗೆ, ಇನ್ನೊಂದು ತುದಿ ಗೋಡೆಗೆ. ಎಫ್ ಸ್ವರ ಸಣ್ಣಗೆ ಹಾಕಿಟ್ಟು ಇಂಚಿಂಚು ಸರಿಯುತ್ತ ಹೋದೆ. ಬೀದಿ ಕಡೆ ಏನಿಲ್ಲ. ಮನೆ ಹಿಂದಿನ ಬೆಟ್ಟದ ಕಡೆ ಹೋದಷ್ಟೂ ಹೆಚ್ಚು. ಹೊರಗೆ ಬಂದು ಹಿಂದಿನ ಸಂದಿಗೆ ಹೋದೆ. ಅಜ್ಜಿಯ ಕೋಣೆಯ ಹಿಂಗಿಟಕಿ, ಕೈ ಚಾಚಿದರೆ ಸಿಗುವಷ್ಟು ದೂರದಲ್ಲಿ ಬೆಟ್ಟವನ್ನು ತಡೆದು ನಿಂತ ಕಲ್ಲುಗೋಡೆ. ಅದರ ಬುಡದಲ್ಲಿ ಅವಳು ಸೋಯಾ ಹುದುಗಿಸುವ ಜಾಡಿಗಳ ಸಾಲು. ಗೋಡೆಯ ಮೇಲೆ ಮೇಲೋಣಿ, ವ್ಯಾನು ಲಾರಿ ಓಡಾಡುವ ರಸ್ತೆ.

ಪೈಪನ್ನು ಕಲ್ಲಿಗಿಟ್ಟೆ.

ಕಿವಿಯೊಳಗೇ ಜರ್ರ್ ಎಂದಿತು. ಪೈಪು ಕಿತ್ತೆಸೆದೆ.

ಕಲ್ಲುಗಳ ನಡುವೆ ಸಿಕ್ಕಿಸಿದ ಒಂದು ಚಪ್ಪಟೆ ಚೂರು ನಡುಗುತ್ತಿದೆ. ಬೆರಳಿಟ್ಟರೆ ನಿಲ್ಲುತ್ತದೆ, ತೆಗೆದರೆ ಮತ್ತೆ. ದೂರ ನಿಂತು ನೋಡಿದೆ. ಇಷ್ಟು ವರ್ಷ ನೋಡಿದ್ದೇನೆ, ಕಂಡಿರಲಿಲ್ಲ — ಗೋಡೆ ಸೊಂಟದೆತ್ತರದಲ್ಲಿ ಹೊಟ್ಟೆ ಬಿಟ್ಟಿದೆ. ಅಜ್ಜಿಯ ಕಿಟಕಿಯ ನೇರಕ್ಕೆ.

ಒಳಗೆ ಓಡಿ ಸ್ವಿಚ್ ಆರಿಸಿದೆ. ಒಂದು ವಾರದಿಂದ ಆ ಹೊಟ್ಟೆಗೆ ಅದಕ್ಕೆ ಒಗ್ಗುವ ಸ್ವರವನ್ನೇ ಹುಡುಕಿ ಹುಡುಕಿ ಬಡಿದಿದ್ದೇನೆ.

ಜೂನ್ 19

ಮನೆ ಮಾಲೀಕ ತಾಕ್ ಅವರಿಗೆ ಹೇಳಿದೆ. ಬಂದರು. ಗೋಡೆಯನ್ನಲ್ಲ, ಬಾಕ್ಸನ್ನು ನೋಡಿದರು.

"ನೋಡಮ್ಮಾ, ನಾನು ಹುಟ್ಟೋಕ್ಕೆ ಮುಂಚಿನಿಂದ ನಿಂತಿರೋ ಗೋಡೆ. ಅಲ್ಲಾಡ್ತಿದೆ ಅಂದ್ರೆ ಅಲ್ಲಾಡಿಸ್ತಿರೋರು ಯಾರು?"

"ಯಜಮಾನ್ರೇ, ನಾನು ಅಲ್ಲಾಡಿಸಿದ್ದಕ್ಕೆ ಗೊತ್ತಾಯ್ತು. ಹೊಟ್ಟೆ ನಾನು ಬರಿಸಿದ್ದಲ್ಲ."

"ಮೊದ್ಲು ಅದನ್ನ ನಿಲ್ಸು. ಆಮೇಲೆ ಮಾತು."

ನಿಲ್ಲಿಸಿದ್ದೇನೆ. ಹೊಟ್ಟೆ ನಾನು ಬರಿಸಿದ್ದಲ್ಲ ಅಂತ ಅಷ್ಟು ಗಟ್ಟಿಯಾಗಿ ಹೇಗೆ ಹೇಳಿದೆ, ಗೊತ್ತಿಲ್ಲ.

ಜೂನ್ 21

ನನ್ನ ದೂರಿಗೆ ವಾರ್ಡ್ ಆಫೀಸಿನಿಂದ ಒಬ್ಬರು ಬಂದರು. ಒಳ್ಳೆಯ ಮನುಷ್ಯ. ತಟ್ಟಿ ನೋಡಿದರು, ಫೋಟೋ ತೆಗೆದರು, ಹುಬ್ಬು ಗಂಟಿಕ್ಕಿದರು. ಒಳಗಿನದು ತಿಳಿಯಲು ಯಂತ್ರ ಬರಬೇಕಂತೆ, ಮಳೆಗಾಲಕ್ಕೆ ಮುಂಚೆ ಎಲ್ಲ ಬೆಟ್ಟದವರೂ ಅದನ್ನೇ ಕೇಳುತ್ತಾರಂತೆ, ಸರದಿ ಕಾಯಬೇಕಂತೆ. ಹಳದಿ ಟೇಪ್ ಕಟ್ಟಿ, ರಾತ್ರಿ ಅಜ್ಜಿ ಬೇರೆ ಕಡೆ ಮಲಗಿದರೆ ವಾಸಿ ಎಂದರು.

ಸಂಜೆ ನೋಡಿದರೆ ಟೇಪ್ ಇಲ್ಲ. ಅಜ್ಜಿ ಅದನ್ನು ಕತ್ತರಿಸಿ ಮೆಣಸಿನ ಗಿಡಗಳನ್ನು ಕೋಲಿಗೆ ಕಟ್ಟಿದ್ದಾಳೆ.

"ಎಷ್ಟು ಗಟ್ಟಿ ಇದೆ ಕಣೇ. ಇನ್ನೊಂದು ಸುತ್ತು ಇಸ್ಕೊಂಡು ಬಾ ಅವನ ಹತ್ರ."

"ಅಜ್ಜಿ, ಕೆಳಗೆ ಓಣಿಯೋರೆಲ್ಲ ಸೇರೋ ಹಿರಿಯರ ಮನೇಲಿ ಮಲಗು ಸ್ವಲ್ಪ ದಿನ. ಹಾಸಿಗೆ ನಾನೇ ಹೊತ್ಕೊಂಡು ಬರ್ತೀನಿ."

"ಆ ಮುದುಕೀರ ಜೊತೆಗಾ? ಇಸ್ಪೀಟಲ್ಲಿ ಮೋಸ ಮಾಡ್ತಾರೆ, ಕೇಳಿದ್ರೆ ಕಿವಿ ಕೇಳ್ಸಲ್ಲ ಅಂತಾರೆ. ಮತ್ತೆ ಜಾಡಿ ಯಾರು ನೋಡ್ಕೋತಾರೆ? ಬಿಸಿಲು ಬಂದಾಗ ಮುಚ್ಚಳ ತೆಗೀಬೇಕು, ಮೋಡ ಕಂಡ್ರೆ ಹಾಕ್ಬೇಕು. ಒಂದು ಹನಿ ಬಿದ್ರೆ ವರ್ಷದ ಸೋಯಾಗೆ ಹುಳ ಬೀಳತ್ತೆ. ನಿನ್ನ ಡಬ್ಬ ಅಲ್ಲ ಇದು, ಬೇಕಾದಾಗ ಬಿಚ್ಚಿ ಅಂಟು ಹಾಕೋಕೆ."

ಜೂನ್ 29, ಶನಿವಾರ

ಮಳೆಗಾಲ ಶುರು. ಬೆಳಗಿನಿಂದ ಬಿಡದೆ ಸುರಿಯುತ್ತಿದೆ.

ಮಧ್ಯಾಹ್ನ ಹಿಂದಕ್ಕೆ ಹೋಗಿ ನೋಡಿದೆ. ಕಲ್ಲುಗೋಡೆಯಲ್ಲಿ ನೀರು ಬಸಿಯಲೆಂದು ಅಲ್ಲಲ್ಲಿ ಪೈಪಿನ ತುಂಡು ಕೂರಿಸಿದ್ದಾರೆ. ಹೋದ ವರ್ಷ ಇಂಥ ಮಳೆಗೆ ಅವು ಸುರಿಯುತ್ತಿದ್ದವು, ಅಜ್ಜಿ ಕೆಳಗೆ ಬಕೆಟ್ ಇಟ್ಟು ನೆಲ ಒರೆಸಲು ಹಿಡಿಯುತ್ತಿದ್ದಳು. ಈ ಸಲ ಒಂದರಲ್ಲೂ ಹನಿಯಿಲ್ಲ. ನೀರು ಎಲ್ಲಿಗೆ ಹೋಗುತ್ತಿದೆ?

ವಾರ್ಡ್ ಆಫೀಸಿಗೆ ಫೋನ್. ಲೈನ್ ಬ್ಯುಸಿ. ಮತ್ತೆ. ಮತ್ತೆ.

ಜುಲೈ 1, ಸೋಮವಾರ

ಬಾಕ್ಸಿನ ವೈರ್ ಕಿತ್ತು ಸುತ್ತಿಟ್ಟಿದ್ದೇನೆ. ಲೈಬ್ರರಿಯಿಂದ ತಂದ ರಷ್ಯನ್ ಕಾದಂಬರಿಯ ಅನುವಾದ ತೊಡೆಯ ಮೇಲಿತ್ತು. ಒಂದೇ ಪುಟ, ಶನಿವಾರದಿಂದ. ಮೇಲೋಣಿಯಲ್ಲಿ ಲಾರಿ ಹೋಯಿತು.

ಜರ್ರ್.

ಏನೂ ನುಡಿಸದೆ. ತಾನಾಗಿ.

ಗಿಟಾರ್ ಎತ್ತಿಕೊಂಡೆ, ಆಂಪ್ ಇಲ್ಲದೆ, ಅದರ ಮೈಯ ತುದಿ ಕಿವಿಗೊತ್ತಿ. ಮುಂದಿನ ಲಾರಿಗೆ ಕಾದೆ. ಸದ್ದು ಬಂದಾಗ ಸ್ವರ ಹುಡುಕಿದೆ. ಎಫ್ ಅಲ್ಲ. ದಪ್ಪ ತಂತಿಯನ್ನು ಬೆರಳೊತ್ತದೆ ಮೀಟಿದರೂ ಗೋಡೆಯ ಸ್ವರ ಅದಕ್ಕಿಂತ ಕೆಳಗೆ. ಬಿರಟೆ ತಿರುಗಿಸಿ ತಂತಿ ಸಡಿಲ ಮಾಡುತ್ತ ಹೋದೆ. ಡಿಗೆ ಬಂದಾಗ ಕೂಡಿತು.

ಬಾಕ್ಸ್ ಕಟ್ಟುವವರಿಗೆಲ್ಲ ಗೊತ್ತಿರುವ ಮಾತು. ಹಲಗೆಯ ಸ್ಕ್ರೂ ಸಡಿಲವಾದರೆ ಅದರ ಸ್ವರ ಕೆಳಗಿಳಿಯುತ್ತದೆ.

ಹದಿಮೂರು ದಿನದ ಹಿಂದೆ ಎಫ್. ಈಗ ಡಿ.

ಇದನ್ನು ಫೋನಿನಲ್ಲಿ ಯಾರಿಗೆ ಹೇಗೆ ಹೇಳಲಿ? ಕಿಸಪ್‌ಗೆ ಹೇಳಿದೆ. ಅವನು ತಮಾಷೆ ಮಾಡಲಿಲ್ಲ. ಅದರಿಂದ ಇನ್ನೂ ಹೆದರಿಕೆಯಾಯಿತು.

ಜುಲೈ 3

ಅಜ್ಜಿಯ ಬಾಗಿಲಿಗೆ ಮೂರು ಸಲ ಹೋದೆ. ಬೇಡಿದೆ. ಜಗಳವಾಡಿದೆ. ಎತ್ತಿಕೊಂಡು ಹೋಗುತ್ತೇನೆ ಎಂದೆ.

"ಎತ್ತು ನೋಡೋಣ. ಮುಟ್ಟಿದ್ರೆ ಪೊರಕೇಲಿ ಬಾರಿಸ್ತೀನಿ. ನೀನು ಆ ಡಬ್ಬ ನಿಲ್ಸಿದ ಮೇಲೆ ನಂಗೆ ನಿದ್ದೇನೇ ಬರ್ತಿಲ್ಲ, ಅದು ಬೇರೆ ಮಾತು."

ಮಂಡಿ ನೋವಿಗೆ ಮನೆ ಬಿಟ್ಟು ಕದಲುವುದಿಲ್ಲ. ಅವಳು ಹೊರಗೆ ಓಡಿ ಬರುವುದು ಒಂದಕ್ಕೇ: ಬೈಯಲಿಕ್ಕೆ.

ಕಿಸಪ್‌ಗೆ ಫೋನ್ ಮಾಡಿದೆ. "ಬೆಳಿಗ್ಗೆ ವ್ಯಾನ್ ತಗೊಂಡು ಬಾ."

ಜುಲೈ 4, ಗುರುವಾರ. ಬೆಳಿಗ್ಗೆ

ಮಳೆ ನಿಂತಿದೆ. ಎಷ್ಟೋ ದಿನಗಳ ಮೇಲೆ ಬಿಸಿಲು. ಓಣಿಯಿಡೀ ಹಬೆಯಾಡುತ್ತಿದೆ. ಬಾಕ್ಸನ್ನು ಓಣಿಯ ತಳದ ಹಿರಿಯರ ಮನೆಯ ಮುಂದೆ ಇಳಿಸಿದ್ದೇವೆ. ಗೋಡೆಯಿಂದ ದೂರ. ಒಳಗಿನ ಮುದುಕಿಯರಿಗೆ ವಿಷಯ ಹೇಳಿ ಕರೆಂಟ್ ಕೇಳಿದೆ. ಕೊಟ್ಟರು. "ಬರ್ಲಿ ಅವಳು, ಎಲೆ ಹಂಚಿಟ್ಟಿರ್ತೀವಿ" ಎಂದರು.

ದಪ್ಪ ತಂತಿ ಮುಟ್ಟುವುದಿಲ್ಲ. ಮೇಲಿನ ಎರಡೇ ತಂತಿ. ಗೋಡೆ ಉತ್ತರಿಸದ ಸ್ವರಗಳು.

ಜುಲೈ 4. ಮಧ್ಯಾಹ್ನ

ಬಂದಳು!

ಹಳೆಯ ಕುಣಿತದ ಹಾಡೊಂದನ್ನು ಬೇಕೆಂದೇ ತಪ್ಪು ತಪ್ಪಾಗಿ ನುಡಿಸಿದೆ. ಎರಡನೇ ಸುತ್ತಿಗೇ ಓಣಿಯ ತಿರುವಿನಲ್ಲಿ ಪೊರಕೆ ಕಂಡಿತು, ಹಿಂದೆ ಅಜ್ಜಿ. ಒದ್ದೆ ಕೈಯಲ್ಲೇ ಬಂದಿದ್ದಳು, ಹೊರಟ ಅವಸರಕ್ಕೆ.

"ಲೇ! ಸತ್ತೋರು ಎದ್ದು ಬರ್ತಾರೆ ಕಣೇ! ಅದೂ ಸರಿಯಾಗಿ ನುಡಿಸಬಾರ್ದಾ? ಆ ಸಾಲು ಹಂಗಲ್ಲ!"

"ಹೆಂಗೆ ಅಜ್ಜಿ, ಹೇಳ್ಕೊಡು."

ಹೇಳಿಕೊಟ್ಟಳು. ಹಾಡಿದಳು, ಪೊರಕೆಯಿಂದ ತಾಳ ಹಾಕಿ. ಮಂಡಿ ನೋವೆಂದು ಬಾಕ್ಸಿನ ಮೇಲೆ ಕೂತಳು. ಕೆಳಗಿಂದ ಅದುರು ಬಂದಾಗ, "ಅಯ್ಯೋ, ಸೊಂಟಕ್ಕೆ ಹಿತವಾಗಿದೆ" ಎಂದಳು. ಒಳಗಿನಿಂದ ಒಬ್ಬಳು ಕೂಗಿದಳು, "ಸೋಲೋಕೆ ಹೆದರ್ಕೊಂಡು ಹೊರಗೇ ಕೂತ್ಲು ನೋಡು!" ಅಷ್ಟೇ ಸಾಕಾಯಿತು. ಚಪ್ಪಲಿ ಬಿಟ್ಟು ಒಳಗೆ ನುಗ್ಗಿದಳು. ನೇರಳೆ ಬಣ್ಣದ ರಬ್ಬರ್ ಚಪ್ಪಲಿ, ಬಾಗಿಲ ಬಳಿ ಒಂದು ಅಡ್ಡ, ಒಂದು ಉದ್ದ.

ಕಿಸಪ್ ವಾರ್ಡ್ ಆಫೀಸಿಗೆ ಹೋಗಿದ್ದಾನೆ. ಆ ಮನುಷ್ಯನನ್ನು ಕೈಹಿಡಿದೇ ಕರೆತರುತ್ತಾನಂತೆ. ಇವತ್ತು ರಾತ್ರಿ ಅಜ್ಜಿ ಇಲ್ಲೇ ಮಲಗುವಂತೆ ಮಾಡುವುದು ಮುದುಕಿಯರ ಪಾಲು. ಗೆಲ್ಲಿಸುತ್ತಾರಂತೆ. ಗೆದ್ದರೆ ಎದ್ದು ಹೋಗುವವಳಲ್ಲ.

ಜಗಲಿಯಲ್ಲಿ ಕೂತು ಬರೆಯುತ್ತಿದ್ದೇನೆ. ಒಳಗೆ ಎಲೆ ಬಡಿಯುವ ಸದ್ದು, ನಗು. ಪೂಜೆಯಾದ ಮೇಲೆ ಕಿಸಪ್ ಬಾಕ್ಸಿನ ಹಿಡಿಗೆ ಕಟ್ಟಿದ ಒಣಮೀನು ಇನ್ನೂ ತೂಗುತ್ತಿದೆ. ಅದಕ್ಕೂ ಒಂದು ನಮಸ್ಕಾರ. ಇನ್ನು ಗೋಡೆ ಬೀಳಲಿ. ಕಲ್ಲು ಬೀಳಲಿ, ಜಾಡಿಗಳು —

ಪುಟದ ಮೇಲೆ ಹನಿ ಬಿತ್ತು. ಬಿಸಿಲು ಯಾವಾಗ ಹೋಯಿತು? ಬೆಟ್ಟದ ತಲೆ ಕಪ್ಪಾಗಿದೆ. ಇನ್ನೊಂದು ಹನಿ. ಬಾಕ್ಸಿಗೆ ಟಾರ್ಪಾಲು ಹೊದೆಸಿ ಬಂದೆ. ಜೋರಾಯಿತು.

ಒಳಗೆ ಯಾರೋ ಕೇಳುತ್ತಿದ್ದಾರೆ, "ಅವಳ ಸರದಿ. ಎಲ್ಲಿ ಅವಳು? ಹಿಂದಿನ ಬಚ್ಚಲಿಗೆ ಹೋದ್ಲಾ?"

ಬೆಳಿಗ್ಗೆ ಬಿಸಿಲಿತ್ತು. ಅವಳು ಬರುವಾಗ ಕೈ ಒದ್ದೆಯಿತ್ತು, ಜಾಡಿ ಒರೆಸುವ ಕೈ. ಮುಚ್ಚಳಗಳನ್ನು ತೆರೆದಿಟ್ಟು ನನ್ನ ಸದ್ದಿಗೆ ಹಾಗೇ ಎದ್ದು ಬಂದಿದ್ದಾಳೆ.

ಬಾಗಿಲ ಬಳಿ ನೇರಳೆ ಚಪ್ಪಲಿ ಇಲ್ಲ. ಟಾರ್ಪಾಲು ಹೊದೆಸುವಾಗ ನನ್ನ ಬೆನ್ನ ಹಿಂದೆಯೇ ಜಾಡಿಗಳ ಕಡೆಗೆ —