ಊರೂರು ತಿರುಗಿದ ಕುಬಸದ ಖಣ

ಅಣ್ಣಿಗೇರಿ, ೧೯೭೪

ವತ್ಸಲಾ,

ನೀನು ಬಸುರಿಯೆಂದು ಕೇಳಿ, ಸೀಮಂತದ ಕುಬಸಕ್ಕೆಂದು ನಾನು ಪಾರ್ಸೆಲ್ ಮಾಡಿದ್ದ ಹಸಿರು ರವಿಕೆ ಖಣ ವರ್ಷದ ಮೇಲೆ ಇವತ್ತು ನನಗೇ ಮರಳಿ ಬಂತು. ನಾನು ಸುತ್ತಿ ಹೊಲಿದಿದ್ದ ಬಿಳಿ ಬಟ್ಟೆ ಅಂಚೆಯ ಮುದ್ರೆಗಳಲ್ಲಿ ಮುಚ್ಚಿಹೋಗಿದೆ! ಪೋಸ್ಟಮನ್ ಮಶಾಕಸಾಬ ಕಾಕಾ ಒಂದೊಂದರ ಮೇಲೂ ಬೆರಳಿಟ್ಟು ಓದಿದರು.

“ಸೊಲ್ಲಾಪುರ, ದೌಂಡ, ಮನಮಾಡ, ಭುಸಾವಳ... ನಿನ್ನ ಗೆಳತಿ ಗಂಡಗ ಎಲ್ಲೆಲ್ಲಿ ವರ್ಗ ಆಗೇತಿ, ಅಲ್ಲೆಲ್ಲಾ ಹುಡುಕ್ಕೊಂತ ಹೋಗೇತಿ ನೋಡವಾ! ಅರಗಿನ ಮುದ್ರಿ ಸೈತ ಒಡದಿಲ್ಲ.”

ನಾನು ಬೆರಗಾಗಿ ಅದನ್ನು ಮಡಿಲಲ್ಲಿಟ್ಟುಕೊಂಡು ಕೂತೆ. ನಿನ್ನ ಕೂಸು ಈಗ ಅಂಬೆಗಾಲಿಡುತ್ತಿರಬೇಕು. ಈ ಕಾಗದದ ಮೇಲೆ ಬರೆಯಲು ನಿನ್ನ ವಿಳಾಸ ನನ್ನಲ್ಲಿಲ್ಲ.

ಕಾಲಿಲ್ಲದ ಒಂದು ತುಂಡು ಬಟ್ಟೆ ನಿನ್ನ ಬೆನ್ನು ಹತ್ತಿ ಅಷ್ಟು ದೂರ ಹೋಗಿದೆ. ಗಂಡನ ಮನೆಗೆಂದು ನೀನು ಇಲ್ಲಿಂದ ರೈಲು ಹತ್ತಿದ ದಿನ, ನಿನ್ನನ್ನು ಕಳಿಸಲು ನಾನು ನಮ್ಮ ಅಂಗಳದಿಂದ ಕಾಣುವ ಸ್ಟೇಷನ್ನಿಗೂ ಬರಲಿಲ್ಲ.