ಮಳೆತೋಟಕ್ಕೆ ನಾನು ಹಾಕಿದ ಮಣ್ಣು

ನಮ್ಮ ಶಾಲೆಯ ಅಕ್ಕೋರಿಗೆ,

ಶಾಲೆಯ ಮಾಡಿನ ನೀರೆಲ್ಲ ಕೆಳಗಿನ ಅಂಗನವಾಡಿಗೆ ನುಗ್ಗಿದ ವರ್ಷ ನೀವು ಅಂಗಳದ ಮೂಲೆಯಲ್ಲಿ ನೀರು ಇಂಗಲೆಂದು ಅಗಲವಾದ ತಗ್ಗು ತೋಡಿಸಿದ್ದು ನೆನಪಿದೆಯೇ? ಬಿಸಿಯೂಟ ಮಾಡುವ ನನ್ನನ್ನೂ ಬಿಡದೆ ಕರೆದು ಲಾವಂಚ, ಒಂದೆಲಗ ನೆಡಿಸಿದಿರಿ. ಮಳೆತೋಟ ಎಂದು ನೀವು ಹೆಸರಿಟ್ಟಾಗ, ಸಿರಸಿಯ ಮಳೆಗೆ ಬೇರೆ ತೋಟ ಬೇಕೇ ಎಂದು ಎಲ್ಲರಿಗಿಂತ ಹೆಚ್ಚು ನಕ್ಕವಳು ನಾನೇ.

ಜೋರು ಮಳೆ ಬಿದ್ದ ಮರುದಿನ, ಹುಲೇಕಲ್ ಬಸ್ಸು ತಪ್ಪಿದರೂ ಸರಿ, ನೀವು ಕೊಡೆ ಹಿಡಿದು ಅಲ್ಲೇ ನಿಲ್ಲುತ್ತಿದ್ದಿರಿ. "ನೋಡೇ ನಾಗವೇಣಿ, ನಿನ್ನೆ ನೀರು ಇವತ್ತು ಇರಬಾರ್ದು. ಇದ್ರೆ ಎಂತದೋ ತಪ್ಪಾಗಿದೆ ಅಂತ ತಿಳ್ಕ. ಕಸ, ಹೂಳು ತೆಗೀತಾ ಇರು, ಅಷ್ಟೇ ಸಾಕು" ಅಂದಿರಿ. ನನಗೆ ಅಷ್ಟು ಸಾಕಾಗಲಿಲ್ಲ.

ನೀವು ಹೋದ ಮೇಲಿನ ಬೇಸಿಗೆಯಲ್ಲಿ ಲಾವಂಚ ಬಡವಾಗಿ ಕಂಡಿತು. ಅಡಿಕೆ ತೋಟದ ಬುಡಬುಡಕ್ಕೂ ಹೊಸ ಮಣ್ಣು ಕೊಡುವ ಮನೆಯವಳಲ್ಲವೇ ನಾನು? ಗುಡ್ಡದ ಧರೆ ಕಡಿದು ಬುಟ್ಟಿಬುಟ್ಟಿ ಕೆಂಪುಮಣ್ಣು ಹೊತ್ತು ತಗ್ಗಿನ ತುಂಬ ಹರಡಿದೆ, ಕಾಲಿನಿಂದ ಮೆಟ್ಟಿ ಗಟ್ಟಿ ಮಾಡಿದೆ. ನೀವಿದ್ದರೆ ಮೆಚ್ಚುತ್ತಿದ್ದಿರಿ ಅಂದುಕೊಂಡೆ. ಎಂಥ ಮಳ್ಳು ನಾನು.

ಆ ಮಳೆಗಾಲ ನಿಂತ ನೀರು ಇಳಿಯಲೇ ಇಲ್ಲ. ವಾಸನೆ, ಸೊಳ್ಳೆ. ಒಂದು ಮೂಲೆಯಲ್ಲಿ ನನ್ನ ಮಣ್ಣು ಕೆದಕಿ ನೋಡಿದೆ. ಕೆಳಗಿನ ನಿಮ್ಮ ಮಣ್ಣು ಗಟಗಟ ನೀರು ಕುಡಿಯಿತು. ಅಷ್ಟರಲ್ಲಿ ಪಾಲಕರ ಸಭೆಯಲ್ಲಿ, "ಅಕ್ಕೋರು ಅಂದಾಜಿಲ್ದೆ ತೋಡ್ಸಿದ್ರು, ಮುಚ್ಚಿ ಇಂಟರ್‌ಲಾಕ್ ಇಟ್ಟಿಗೆ ಹಾಸ್ಬಿಡ್ವ" ಅಂತ ಎಲ್ಲರೂ ಅಂದರು. ಚಹಾದ ತಟ್ಟೆ ಹಿಡಿದು ಹಿಂದೆ ನಿಂತಿದ್ದೆ. ಮಣ್ಣು ಹಾಕಿದ್ದು ನಾನು, ತೆಗೆದರೆ ಸರಿಹೋಗುತ್ತದೆ ಎನ್ನಬೇಕಿತ್ತು. ಹಾಗಂದು ನನ್ನ ಕೆಲಸ ಹೋದರೆ... ಹೆದರಿದೆ, ಅಕ್ಕೋರೆ. ಚಹಾ ಹಂಚುತ್ತ ಹೋದೆ, ಬೇಸಿಗೆಯಲ್ಲಿ ಅವರು ತಗ್ಗು ಮುಚ್ಚಿಯೇಬಿಟ್ಟರು.

ನಿನ್ನೆ ಈ ವರ್ಷದ ಮೊದಲ ಜೋರು ಮಳೆ. ಮಾಡಿನ ನೀರು ಇಂಟರ್‌ಲಾಕ್ ಮೇಲೆ ಜಾರಿಕೊಂಡು ನೇರ ಅಂಗನವಾಡಿಯೊಳಗೆ ಹೋಯಿತು. ಸಣ್ಣ ಮಕ್ಕಳನ್ನು ಒಬ್ಬೊಬ್ಬರಾಗಿ ಎತ್ತಿ ಶಾಲೆಯ ಜಗಲಿಗೆ ದಾಟಿಸಿದೆ. ಒದ್ದೆ ಚಾಪೆ ಹಿಂಡುತ್ತಿದ್ದ ಅಲ್ಲಿಯ ಟೀಚರು, "ನಿಮ್ಮ ಅಕ್ಕೋರು ಗುಂಡಿ ಸರಿಯಾಗಿ ತೋಡ್ಸಿದ್ರೆ ಇದೆಲ್ಲ ಎಂತಕೆ ಬರ್ತಿತ್ತು" ಅಂದರು.

ಆಗ ನನಗೆ ಬಾಯಿ ಬಂತು. ಅಕ್ಕೋರು ತೋಡಿಸಿದ್ದು ಸರಿಯೇ ಇತ್ತು, ಕೆಡಿಸಿದವಳು ನಾನು ಎಂದು ಎಲ್ಲ ಹೇಳಿದೆ. ಅವರು ನನ್ನ ಬೆನ್ನು ಸವರಿದರು. "ಸತ್ತವರ ಮರ್ಯಾದೆ ಉಳಿಸ್ಲಿಕ್ಕೆ ತಪ್ಪೆಲ್ಲ ನಿನ್ನ ಮೈಮೇಲೆ ಹಾಕ್ಕೊಳ್ತೆ. ನಿನ್ನಂಥ ಒಳ್ಳೆಯವರು ಯಾರಿದಾರೆ ಮಾರಾಯ್ತಿ."

ಅದನ್ನೇ ಇವತ್ತು ಊರೆಲ್ಲ ಹೇಳಿಕೊಂಡು ಬಂದಿದ್ದಾರೆ, ಅಕ್ಕೋರೆ.

ನಾಗವೇಣಿ