ಅಂಗೈಯ ಕೋಶಗಳು

14 ನವೆಂಬರ್, ಗುರುವಾರ. ಮದಕರಿಪುರ.

ಸಹನಾ ಸಂಜೆ ಕೇಳಿದ ಪ್ರಶ್ನೆ ಇನ್ನೂ ತಲೆಯಿಂದ ಹೋಗಿಲ್ಲ. ನಾಳೆ ಅವಳಿಗೆ ಕಾಲೇಜಿನಲ್ಲಿ ಜೀವಶಾಸ್ತ್ರದ ಟೆಸ್ಟ್. ಶಿವಲೀಲಾ ಹೋದ ಮೇಲೆ ಮಗಳು ಪುಸ್ತಕ ಹಿಡಿದದ್ದು ಇವತ್ತೇ ಮೊದಲು.

“ಅಪ್ಪಾಜಿ, ಉಸಿರು ನಿಂತ್ರೂ ಜೀವಕೋಶ ಎಲ್ಲಾ ಒಂದೇ ಸಲ ಸಾಯಲ್ಲಂತೆ. ಅವ್ವನ್ನ ಅವತ್ತೇ ಸಂಜೆ ಮಣ್ಣು ಮಾಡಿದ್ವಲ್ಲ, ಅವ್ವಂಗೆ ಗೊತ್ತಾಗಿರ್ತೈತಾ?”

“ಇಲ್ಲ ಕಣವ್ವ” ಎಂದೆ.

“ಸುಮ್ನೆ ಸಮಾಧಾನಕ್ಕೆ ಹೇಳಬ್ಯಾಡ. ಪೇಪರ್‌ನ ಒಂದಕ್ಷರ ಬಿಡ್ದಂಗೆ ಓದ್ತೀಯಲ್ಲ, ಇದನ್ನೂ ಓದಿ ಹೇಳು.”

ಓದಿದೆ. ಸಾಲದೆ ಮೊಬೈಲ್‌ನಲ್ಲೂ ಹುಡುಕಿದೆ. ಆಮ್ಲಜನಕ ಸಿಗದಿದ್ದರೆ ಕೋಶದೊಳಗಿನ ಮೈಟೊಕಾಂಡ್ರಿಯಾ ಶಕ್ತಿ ತಯಾರಿಸುವುದನ್ನು ನಿಲ್ಲಿಸುತ್ತವೆ. ಆಮೇಲೆ ಲೈಸೋಸೋಮ್‌ಗಳು ಒಡೆದು ಕೋಶವನ್ನು ಒಳಗಿನಿಂದಲೇ ಕರಗಿಸುತ್ತವೆ. ಮಿದುಳಿನ ಕೋಶಗಳು ಕೆಲವೇ ನಿಮಿಷಗಳಲ್ಲಿ ಸಾಯತೊಡಗುತ್ತವೆ. ಚರ್ಮದವು ಒಂದು ದಿನವಾದರೂ ಬದುಕಿರಬಹುದು.

“ಗೊತ್ತಾಗಬೇಕಾದ್ರೆ ಮಿದುಳು ಬೇಕವ್ವ. ಅದು ಮೊದಲೇ ಹೋಗಿತ್ತು” ಎಂದೆ. ತುಂಬ ಹೊತ್ತು ಅತ್ತಳು. ಆಮೇಲೆ ಊಟ ಮಾಡಿದಳು. ಈಗ ಮಲಗಿದ್ದಾಳೆ.

ನನಗೆ ನಿದ್ದೆ ಬರುತ್ತಿಲ್ಲ. ಅವತ್ತು ಸಮಾಧಿಯ ಗುಣಿಯಲ್ಲಿ ಶಿವಲೀಲಾಳನ್ನು ಕೂರಿಸಿದ ಮೇಲೆ, ಎಡ ಅಂಗೈಯಲ್ಲಿ ಇಷ್ಟಲಿಂಗ ಇಟ್ಟು ಬೆರಳು ಮಡಿಸಿದವನು ನಾನು. “ಸಾಕು ಬಿಡ್ರಿ, ಹೊತ್ತಾತು, ಮ್ಯಾಲಕ್ಕೆ ಬರ್ರಿ” ಎಂದರು ಕ್ರಿಯಾವಿಧಿ ಮಾಡಿಸುತ್ತಿದ್ದ ಅಯ್ಯನವರು. ತಕ್ಷಣ ಬಿಟ್ಟೆ. ಕೈ ತಣ್ಣಗಿತ್ತು. ಇನ್ನೇನೂ ಉಳಿದಿಲ್ಲ ಎಂದುಕೊಂಡಿದ್ದೆ.

ಆ ಅಂಗೈಯ ಚರ್ಮದಲ್ಲಿ ಆಗಲೂ ಜೀವವಿತ್ತು. ಗೊತ್ತಿದ್ದರೆ ಇನ್ನೂ ಸ್ವಲ್ಪ ಹೊತ್ತು ಹಿಡಿದುಕೊಂಡಿರುತ್ತಿದ್ದೆ.